ರಾಚಕ್ಕ ಹಾಕಿದ ಗಂಟು

ಬೆಂಗಳೂರಿನಲ್ಲಿ, ರಸ್ತೆಯ ಮೇಲೆ ಕಂಬಗಳ ತಲೆಯಲ್ಲಿ ನಿಂತಿರುವ ಒಂದು ಮೆಟ್ರೊ ಸ್ಟೇಷನ್ನಿನಲ್ಲಿ ನನಗೆ ಕಸ ಗುಡಿಸುವ ಕೆಲಸ ಸಿಕ್ಕಿತು. ತಾಳವಾಡಿ ಕಡೆಯ ನಮ್ಮೂರಿಗೆ ಆ ಸುದ್ದಿ ಬಂದ ದಿನ ಅವ್ವ ಊಟ ಮುಟ್ಟಲಿಲ್ಲ. ಬೇರೆ ಎಲ್ಲಿಗಾದರೂ ಹೋಗು, ಅಲ್ಲಿಗೆ ಬೇಡ ಅಂದಳು. ಯಾಕೆ ಅಂತ ಕೇಳಿದರೆ ಒಲೆ ಊದತೊಡಗಿದಳು.

ಆ ಸ್ಟೇಷನ್ ಕಟ್ಟಿದವರಲ್ಲಿ ಅವ್ವ ದೊಡ್ಡಮಾದಮ್ಮನೂ ಒಬ್ಬಳು. ಆಗ ನನಗೆ ಒಂಬತ್ತು ವರ್ಷ. ನಾಲ್ಕನೇ ಕ್ಲಾಸು ಬಿಟ್ಟು ಅವಳ ಜೊತೆ ತಗಡಿನ ಶೆಡ್ಡಿಗೆ ಹೋಗಿದ್ದೆ. ಮೊದಲು ಅಲ್ಲಿ ಎರಡು ಹುಣಸೆಮರ, ಒಂದು ಸೈಕಲ್ ಅಂಗಡಿ ಇದ್ದವು. ಮರ ಹೋದವು, ಗುಂಡಿ ಬಂತು, ಗುಂಡಿಯಿಂದ ಕಂಬಿ ಎದ್ದಿತು, ಕಂಬಿಗೆ ಕಾಂಕ್ರೀಟ್ ಬಿತ್ತು. ಹಸಿ ಕಂಬಕ್ಕೆ ಗೋಣಿತಾಟು ಸುತ್ತಿ ಹದಿನಾಲ್ಕು ದಿನ ಒಣಗದಂತೆ ನೀರು ಹಿಡಿಯಬೇಕು. ತಪ್ಪಿದರೆ ಬಿರುಕು ಬಿಡುತ್ತದೆ ಅಂತ ಮೇಸ್ತ್ರಿ ಹೆದರಿಸಿದ್ದ. ಹೆಂಗಸರು ಆ ಕೆಲಸಕ್ಕೆ ಬಾಣಂತನ ಅನ್ನುತ್ತಿದ್ದರು. ಒಬ್ಬೊಬ್ಬಳಿಗೆ ಒಂದೊಂದು ಕಂಬ. ಅವ್ವನದು ಮೆಟ್ಟಿಲ ಪಕ್ಕದ್ದು.

ಮೂರು ದಿನ ಕೇಳಿದ ಮೇಲೆ ಅವ್ವ ಬಾಯಿ ಬಿಟ್ಟಳು. ಕಂಬಕ್ಕೆ ನೀರು ಹಿಡಿಯುವ ಆ ದಿನಗಳಲ್ಲಿ ನಾನು ಜ್ವರ ಏರಿ ಆಸ್ಪತ್ರೆ ಸೇರಿದ್ದೆ. ಎರಡು ದಿನ ಅವಳು ಕಂಬದ ಹತ್ತಿರ ಸುಳಿದಿರಲಿಲ್ಲ, ಯಾರಿಗೂ ಹೇಳಿಯೂ ಇರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಬಂದು ನೋಡಿದರೆ ಗೋಣಿ ಹಪ್ಪಳವಾಗಿತ್ತು.

"ನನ್ ಕಂಬ ಕಣಮ್ಮಿ ಅದು. ಬಾಯಾರ್ಕೊಂಡು ನಿಂತದೆ. ಅದ್ರ ಮ್ಯಾಲೆ ನೀನು ನಿಲ್ಬ್ಯಾಡ."

ಹನ್ನೆರಡು ವರ್ಷ ಅವಳು ಇದನ್ನು ಒಬ್ಬಳೇ ಹೊತ್ತಿದ್ದಳು, ಅದೂ ನನ್ನ ಜ್ವರದ ದೆಸೆಯಿಂದ. ಆಗ ಪಕ್ಕದ ಕಂಬ ನೋಡಿಕೊಳ್ಳುತ್ತಿದ್ದವಳು ಗುಮಟಾಪುರದ ರಾಚಕ್ಕ. ಅವಳಿಗೇನಾದರೂ ಗೊತ್ತಿರಬಹುದು ಅಂತ ಮಾರನೆಯ ದಿನ ಅವ್ವನನ್ನು ಕರೆದುಕೊಂಡು ಅವಳೂರಿನ ಬಸ್ಸು ಹತ್ತಿದೆ.

ರಾಚಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ಅವ್ವ ಅರ್ಧ ಗಂಟೆ ಮಂಡಿನೋವಿನ ಮಾತೇ ಆಡಿದಳು. ಪರರ ಮನೆಯಲ್ಲಿ ನೀರು ಕೇಳುವುದಕ್ಕೂ ನಾಚುವ ನಾನೇ ಕೊನೆಗೆ ವಿಷಯ ಎತ್ತಬೇಕಾಯಿತು.

ರಾಚಕ್ಕ ಕೆಮ್ಮು ಬರುವಷ್ಟು ನಕ್ಕಳು. "ಆ ಎರಡು ದಿಸ ನಾನೇ ನೀರು ಉಯ್ದೆ ಕಣಮ್ಮಿ. ಮೂರನೇ ದಿಸ ನೀನು ಬಂದೆ ಅಂದ್ರು, ಬುಟ್ಟೆ."

ಸಮಾಧಾನಕ್ಕೆ ಹೇಳುತ್ತಿದ್ದೀಯ ಅಂದಳು ಅವ್ವ.

"ಗೋಣಿ ಜಾರಿತ್ತು. ಎಳ್ದು ಕರು ಕಟ್ಟೋ ಗಂಟು ಆಕಿದ್ದೆ."

ಅವ್ವ ತಲೆ ಎತ್ತಿದಳು. "ಆ ಗಂಟು ನಿಂದಾ? ಬಿಚ್ಚಕ್ಕಾಗ್ದೆ ಮಚ್ಚಲ್ಲಿ ಕೊಯ್ದೆ. ಯಾವ ಮುಂಡೇದು ಆಕ್ತೋ ಅಂತ ಬೈದಿದ್ದೆ."

"ಬೈದದ್ದು ಕೇಳ್ತು. ಅದ್ಕೇ ನಿಂಗೆ ಏಳ್ನಿಲ್ಲ."

ಅವ್ವ ಸಿಪ್ಪೆ ಮೆತ್ತಿದ ರಾಚಕ್ಕನ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದಳು, "ಎಂದು ಓಗ್ಬೇಕು ನೀನು?"

ಸ್ಟೇಷನ್ನಿನ ಗೋಡೆಯ ಮೇಲೆ ಅದರ ಚರಿತ್ರೆ ಬರೆದಿದ್ದಾರೆ. ಕೆಲಸ ಶುರುವಾದ ತಾರೀಕು, ರೈಲು ಓಡಿದ ತಾರೀಕು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ನನಗೆ ಗೊತ್ತಿರುವ ಎರಡು ದಿನ ಅದರಲ್ಲಿಲ್ಲ.

ಮೊದಲ ದಿನ ಊಟದ ಬಿಡುವಿನಲ್ಲಿ ಅವ್ವ ಫೋನ್ ಮಾಡಿದಳು, ರಾಚಕ್ಕನ ಮನೆಯಿಂದ. ಉಂಡೆಯಾ ಅಂತಲೂ ಕೇಳದೆ, ಕಂಬ ಹೇಗಿದೆ ಅಂದಳು. ನೆಟ್ಟಗಿದೆ ಅಂದೆ, ಅದರ ಬುಡದಲ್ಲೇ ಕುಳಿತಿದ್ದೆ. ಅಷ್ಟರಲ್ಲಿ ಮೇಲೆ ರೈಲು ಬಂತು. ಫೋನನ್ನು ಕಂಬಕ್ಕೆ ಒತ್ತಿ ಹಿಡಿದೆ.

ರೈಲು ಹೋದ ಮೇಲೆ ರಾಚಕ್ಕನ ದನಿ ಕೇಳಿಸಿತು. "ಗಂಟು ಬಿಗಿಯಾಗೇ ಅದೆ ಬುಡು."