ಒಂದು ಲೋಟ ಕಾಳಿಗೆ ಎಷ್ಟು ಪಾಪ್‌ಕಾರ್ನ್

ಮಕ್ಕಳ ಹಾಸ್ಟೆಲಿನ ಅಡುಗೆಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಅಳತೆಯಮ್ಮ ಎಂದೇ. ಮುಷ್ಟಿಯಲ್ಲಿ ಅಕ್ಕಿ ಎತ್ತಿದರೆ ಎಷ್ಟು ಬಾಯಿಗೆ ಸಾಕೆಂದು ಹೇಳಬಲ್ಲ ಕೈ ಅದು. ಅವಳ ಒಲೆಯ ಮುಂದಿನಿಂದ ಒಂದು ಮಗುವೂ ಬರಿಗೈಯಲ್ಲಿ ಹೋದದ್ದಿಲ್ಲ. ಅದು ದೇವರು ತನಗೆ ಒಪ್ಪಿಸಿದ ಕೆಲಸವೆಂದು ಅವಳು ನಂಬಿದ್ದಳು.

ಆ ಮಧ್ಯಾಹ್ನ ಮಕ್ಕಳಿಗೆ ಸಿನಿಮಾ ಇತ್ತು. ಅರವತ್ತು ಮಕ್ಕಳು, ತಲೆಗೊಂದು ಪೊಟ್ಟಣ ಪಾಪ್‌ಕಾರ್ನ್. ವಾರ್ಡನ್ ಕಳಿಸಿದ್ದು ಎರಡೇ ಕೆಜಿ ಮೆಕ್ಕೆಜೋಳದ ಕಾಳು. ಅಳತೆಯಮ್ಮ ಹುಟ್ಟಿದಾರಭ್ಯ ಪಾಪ್‌ಕಾರ್ನ್ ಮಾಡಿದವಳಲ್ಲ, ಆದರೂ ಅಳುಕಲಿಲ್ಲ. ಅಕ್ಕಿ ಬೆಂದರೆ ಒಂದಕ್ಕೆ ಮೂರು, ಕಾಳು ನೆನೆದರೆ ಒಂದಕ್ಕೆ ಎರಡು. ನೆನೆಸಿ ಹುರಿದರೆ ಇನ್ನಷ್ಟು ಒದಗೀತು ಎಂದುಕೊಂಡು ಬೆಳಗ್ಗೆಯೇ ಒಂದು ಕೆಜಿಯನ್ನು ನೀರಿಗೆ ಹಾಕಿಬಿಟ್ಟಿದ್ದಳು.

ಜೊತೆಗೆ ಅಡುಗೆ ಮಾಡುತ್ತಿದ್ದ ಸೊಸೆ ಮುಚ್ಚಳ ತೆಗೆದು ನೋಡಿ ಹಣೆ ಒತ್ತಿಕೊಂಡಳು.

"ಅತ್ತೆ, ಇದನ್ಯಾಕೆ ನೆನೆಸಿದ್ರಿ? ಒದ್ದೆ ಕಾಳು ಅರಳಲ್ಲ."

"ನೆನೆಸದೆ ಯಾವ ಕಾಳು ಮೆತ್ತಗಾಗುತ್ತೆ, ಹೇಳು."

"ಇದು ಮೆತ್ತಗಾಗೋ ಜಾತಿ ಅಲ್ಲ. ಸಿಡಿಯೋ ಜಾತಿ, ನಿಮ್ಮ ಮಗನ ಹಾಗೆ."

ಅಳತೆಯಮ್ಮ ನಕ್ಕಳು, ಆದರೆ ನಂಬಲಿಲ್ಲ. ನೆನೆದ ಕಾಳು ಒಂದು ಹಿಡಿ ಬಾಣಲೆಗೆ ಹಾಕಿದಳು. ಅದು ಚುಂಯ್ ಎಂದು ಸುಮ್ಮನಾಯಿತು. ಮಿಕ್ಕದ್ದು ಒಣ ಕಾಳು ಒಂದು ಕೆಜಿ. ಅಳೆದರೆ ಐದು ಲೋಟ.

"ಮೂರು ಪಟ್ಟು ಅಂದ್ರೂ ಹದಿನೈದು ಲೋಟ. ಪೊಟ್ಟಣಕ್ಕೆ ಎರಡು ಲೋಟ ಹಿಡಿಯುತ್ತೆ. ಏಳು ಮಕ್ಕಳು ತಿನ್ನೋದು, ಮಿಕ್ಕವರು ಅವರ ಬಾಯಿ ನೋಡೋದು" ಎಂದಳು. ಅಂಗಡಿ ದೂರ, ಹೊತ್ತಿಲ್ಲ. ಮೊದಲ ಸಲ ಅವಳಿಗೆ ಅಳುಕಾಯಿತು.

"ಅನ್ನದ ಲೆಕ್ಕ ಬಿಡಿ ಅತ್ತೆ. ಒಂದು ಲೋಟ ಅರಳಿಸಿ, ಆಮೇಲೆ ಅಳೀರಿ."

ಎಣ್ಣೆಯಿಲ್ಲದ ದೊಡ್ಡ ಪಾತ್ರೆಯಲ್ಲಿ ಒಂದು ಲೋಟ ಕಾಳು ಬಿತ್ತು. ಮೊದಲು ಒಂದು ಚಟ್, ಆಮೇಲೆ ಎಡೆಬಿಡದ ಪಟಪಟ, ಮುಚ್ಚಳವೇ ಮೇಲೆದ್ದಿತು. ಅಳತೆಯಮ್ಮ ತಾನೇ ಅಳೆದಳು. ಮೂವತ್ತು ಲೋಟ. ಕಣ್ಣು ನಂಬದೆ ತಕ್ಕಡಿಗೆ ಹಾಕಿದರೆ ಅಷ್ಟು ದೊಡ್ಡ ರಾಶಿ ಮೊದಲಿನ ಕಾಳಿಗಿಂತ ಹಗುರ.

"ತಕ್ಕಡಿಗೂ ನನ್ನಷ್ಟೇ ವಯಸ್ಸಾಯ್ತು ಅನ್ಸುತ್ತೆ."

"ತಕ್ಕಡಿ ಗಟ್ಟಿಯಾಗೇ ಇದೆ. ಕಾಳಿನೊಳಗಿದ್ದ ಚೂರು ನೀರು ಹಬೆಯಾಗಿ ಹೋಯ್ತು, ಅಷ್ಟೆ. ಹೋಗ್ತಾ ಹೋಗ್ತಾ ಕಾಳನ್ನ ಅರಳಿಸಿ ಹೋಯ್ತು."

ಅಳತೆಯಮ್ಮ ಒಂದು ಅರಳನ್ನು ಅಂಗೈಯಲ್ಲಿಟ್ಟು ನೋಡಿದಳು. ಅಕ್ಕಿ ನೀರು ಪಡೆದು ಬೆಳೆಯುತ್ತದೆ, ಇದು ಇದ್ದದ್ದನ್ನು ಬಿಟ್ಟುಕೊಟ್ಟು ಬೆಳೆಯುತ್ತದೆ. ಭಗವಂತ ಎರಡು ದಾರಿ ಮಾಡಿಟ್ಟಿದ್ದ, ಅವಳು ಈವರೆಗೆ ನಡೆದದ್ದು ಒಂದರಲ್ಲೇ. ಕಣ್ಮುಚ್ಚಿ ಕೈಮುಗಿದು, ಸೆರಗು ಸಿಕ್ಕಿಸಿಕೊಂಡಳು.

"ಲೋಟಕ್ಕೆ ಹದಿನೈದು ಮಕ್ಕಳು. ನಾಲ್ಕು ಲೋಟಕ್ಕೆ ಅರವತ್ತೂ ಮುಗೀತು."

"ಮಿಕ್ಕ ಲೋಟ?"

"ಎರಡನೇ ಸಲ ಬರೋರಿಗೆ. ಬರದೆ ಇರ್ತಾರಾ?"

ಮಕ್ಕಳು ಸಾಲಾಗಿ ಬಂದರು, ಪೊಟ್ಟಣ ತುಂಬಿಸಿಕೊಂಡು ಒಳಗೆ ಓಡಿದರು. ಸಾಲಿನ ಕೊನೆಗೆ ವಾರ್ಡನ್ ಇಣುಕಿ ಮೆಲ್ಲಗೆ ಕೇಳಿದರು: "ಏನಮ್ಮ, ಎಲ್ಲರಿಗೂ ಸಾಕಾಯ್ತಾ?"

"ಸಾಕಾಗೋದೇನು ಸಾರ್, ಮಿಕ್ಕಿದೆ. ಇವತ್ತು ನನಗೆ ಲೆಕ್ಕ ಕಲಿಸಿದ್ದು ನನ್ನ ಸೊಸೆ" ಎಂದು ಅಳತೆಯಮ್ಮ ಸೌಟು ತುಂಬಿದಳು. "ಕೈ ಚಾಚಿ, ನಿಮಗೂ ಇದೆ."