ಮಾವನ ಪ್ಯಾಂಟು ಮತ್ತು ಬಾರದ ಎರಡನೇ ಭಾಗ

ಒಂದು ಕೈ ಸ್ವಾಧೀನದಲ್ಲಿ ಇಲ್ಲದವರಿಗೆ ಅಂಗಿ ತೊಡಿಸುವುದು ಎಂಥ ಪಾಡು ಎಂದು ತೊಡಿಸಿದವರನ್ನೇ ಕೇಳಬೇಕು. ನಮ್ಮ ಬೀದಿಯ ಟೈಲರಕ್ಕನ ಮಾವನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದ ಮೇಲೆ ಆ ಮನೆಯಲ್ಲಿ ದಿನಾ ಬೆಳಿಗ್ಗೆ ಅದೇ ಗುದ್ದಾಟ. ಮೇಷ್ಟರಾಗಿದ್ದ ಮನುಷ್ಯ. ಸೊಸೆಯ ಕೈಯಲ್ಲಿ ಬಟ್ಟೆ ಹಾಕಿಸಿಕೊಳ್ಳಲು ನಾಚಿ ಮುಖವನ್ನು ಗೋಡೆಗೆ ತಿರುಗಿಸುತ್ತಿದ್ದರು.

ಆಗ ಅಕ್ಕನಿಗೆ ಒಂದು ಪುಸ್ತಕ ಸಿಕ್ಕಿತು. ಹಾಸಿಗೆ ಹಿಡಿದ ಗಂಡನಿಗಾಗಿ ಹೊಲಿದು ಹೊಲಿದು ಕಲಿತ ಒಬ್ಬ ಹೆಂಗಸು ಬರೆದದ್ದು. ಭುಜದ ಮೇಲೆ ತೆರೆಯುವ ಅಂಗಿ, ಗುಂಡಿಯ ಬದಲು ಒತ್ತಿದರೆ ಅಂಟುವ ಪಟ್ಟಿ. ಕೊನೆಯಲ್ಲಿ ಮಡಚಿಟ್ಟ ದೊಡ್ಡ ಹಾಳೆಗಳಲ್ಲಿ ಪೂರ್ತಿ ಅಳತೆಯ ಪೇಪರ್ ಕಟಿಂಗ್. ಅಕ್ಕ ಅದನ್ನು ಬಟ್ಟೆಯ ಮೇಲಿಟ್ಟು ಗೆರೆ ಎಳೆದು ಹೊಲಿದಳು. ಮಾವ ಒಂದೇ ಕೈಯಲ್ಲಿ ಅಂಗಿ ತೊಟ್ಟು ಕನ್ನಡಿ ಕೇಳಿದರು. ಇನ್ನು ಉಳಿದದ್ದು ಪ್ಯಾಂಟು. ಅದು ಎರಡನೇ ಭಾಗದಲ್ಲಿ ಬರುತ್ತದೆ ಎಂದು ಪುಸ್ತಕದಲ್ಲೇ ಬರೆದಿತ್ತು. ಅಂದಿನಿಂದ ಮಾವನದು ಒಂದೇ ಪ್ರಶ್ನೆ: "ನನ್ನ ಪ್ಯಾಂಟು ಎಲ್ಲಿಗೆ ಬಂತಮ್ಮ?"

ಅಕ್ಕನದು ಧಾರಾಳದ ಕೈ. ಖುಷಿಯಲ್ಲಿ ಪುಸ್ತಕದ ಪುಟಪುಟವನ್ನೂ ಫೋಟೋ ತೆಗೆದು, ಫೋನಿನಲ್ಲಿದ್ದ ಟೈಲರುಗಳ ಗುಂಪಿಗೆ ಹಾಕಿಬಿಟ್ಟಳು. ಅಲ್ಲಿಂದ ಅದು ಎಲ್ಲೆಲ್ಲಿಗೆ ಹೋಯಿತೋ ಯಾರಿಗೂ ಗೊತ್ತಿಲ್ಲ.

ವರ್ಷ ಕಳೆದರೂ ಎರಡನೇ ಭಾಗದ ಸುಳಿವಿಲ್ಲ. ಒಂದು ಮಧ್ಯಾಹ್ನ ಕೋಟಿನ ಅಳತೆ ಕೊಡಲು ಬಂದ ಲೈಬ್ರರಿ ಮೇಡಂ ಬಳಿ ಅಕ್ಕ ವಿಚಾರಿಸಿದಳು.

"ಅದು ಬರೋ ಹಾಗೆ ಕಾಣಲ್ಲ ಅಕ್ಕ," ಎಂದರು ಮೇಡಂ. "ಬರೆದವರಿಗೆ ನಾನೇ ಫೋನ್ ಮಾಡಿದ್ದೆ. ಮೊದಲನೇ ಭಾಗವೇ ಗೋಡೌನಿನಲ್ಲಿ ಕೂತಿದೆಯಂತೆ, ಎರಡನೇದು ಅಚ್ಚು ಹಾಕೋಕೆ ಪ್ರಕಾಶಕರು ಒಪ್ತಿಲ್ಲ. ಎಲ್ಲರ ಫೋನಲ್ಲೂ ಪುಕ್ಕಟೆ ಇರುವಾಗ ಯಾರು ಕೊಳ್ತಾರೆ? ಮೇಲಿಂದ ಹೊಲಿದೋರಿಂದ ಬೈಗುಳ ಬೇರೆ. ಕಂಕುಳು ಹಿಡಿಯುತ್ತೆ, ನಿಮ್ಮ ಅಳತೆ ಸುಳ್ಳು ಅಂತ."

ಟೇಪು ಹಿಡಿದ ಅಕ್ಕನ ಕೈ ಅಲ್ಲೇ ನಿಂತಿತು. "ಅಳತೆ ಸುಳ್ಳಲ್ಲ ಮೇಡಂ. ನಾನೇ ಹೊಲಿದಿದೀನಲ್ಲ."

"ಫೋಟೋನ ಝೆರಾಕ್ಸ್ ಅಂಗಡೀಲಿ ಅಂದಾಜಿಗೆ ದೊಡ್ಡದು ಮಾಡಿಸ್ಕೊಂಡು, ಅದನ್ನೇ ಬಟ್ಟೆ ಮೇಲಿಟ್ಟು ಕತ್ತರಿಸಿದ್ರೆ ಇನ್ನೇನಾಗುತ್ತೆ?"

ಅಕ್ಕನಿಗೆ ಕಸಿವಿಸಿಯಾಯಿತು. ಆದರೂ ಅಷ್ಟು ಸುಲಭಕ್ಕೆ ಒಪ್ಪುವ ಜನವಲ್ಲ. "ಫೋಟೋ ಹಾಕಿದ್ದು ನಾನೇ. ಕದ್ದ ಪುಸ್ತಕ ಅಲ್ಲವಲ್ಲ, ದುಡ್ಡು ಕೊಟ್ಟು ತಂದಿದ್ದು. ನಾಲ್ಕು ಜನಕ್ಕೆ ಉಪಯೋಗ ಆಗ್ಲಿ ಅಂದ್ರೆ ಅದೂ ತಪ್ಪಾ?"

"ಮನಸ್ಸು ತಪ್ಪಲ್ಲ. ಪುಸ್ತಕ ನಿಮ್ದು. ನೋಡಿ ಹೊಲೀರಿ, ಪಕ್ಕದೋರಿಗೆ ಓದೋಕೆ ಕೊಡಿ, ಯಾರೂ ಬೇಡ ಅನ್ನಲ್ಲ. ಆದ್ರೆ ಪ್ರತಿ ಮಾಡಿ ಹಂಚೋ ಹಕ್ಕು ಬರೆದವರದ್ದು. ಕಾಪಿರೈಟ್ ಅಂದ್ರೆ ಅದೇ. ಕೇಳದೆ ಇಡೀ ಪುಸ್ತಕ ಹಂಚೋದು ಕಾನೂನಿನಲ್ಲೂ ತಪ್ಪು. ಹಾಡಿಗೂ ಇದೇ ಮಾತು."

"ಹಾಗಾದ್ರೆ ಕೊಳ್ಳೋಕೆ ಆಗದೋರು ಏನ್ ಮಾಡ್ಬೇಕು?"

"ನಾನು ಯಾಕಿದೀನಿ? ಲೈಬ್ರರೀಲಿ ಎರಡು ಪ್ರತಿ ಧೂಳು ತಿಂತಾ ಇವೆ."

ಒಳಗಿನ ಮಂಚದಿಂದ ಮಾವನ ದನಿ ಬಂತು. "ಅಂದ್ರೆ ನನ್ನ ಪ್ಯಾಂಟು ತಡೆದಿದ್ದು ನಮ್ಮ ಮನೆಯವರೇ ಅನ್ನು." ದನಿಯಲ್ಲಿ ಗದರಿಕೆ ಇರಲಿಲ್ಲ. ಅದಕ್ಕೇ ಅಕ್ಕನ ಕಣ್ಣು ತುಂಬಿತು.

ಅಂದೇ ಅಕ್ಕ ಗುಂಪಿಗೆ ತನ್ನ ದನಿಯಲ್ಲೇ ಹೇಳಿ ಕಳಿಸಿದಳು. "ತಪ್ಪು ನಂದು. ಫೋಟೋ ಅಳಿಸಿ, ನಿಮ್ಮಿಂದ ಪಡೆದವರಿಗೂ ಹೇಳಿ. ಕಂಕುಳು ಹಿಡಿದಿದ್ದಕ್ಕೆ ಬರೆದವರನ್ನ ಬೈಬೇಡಿ. ಪುಸ್ತಕ ಬೇಕಾದೋರು ಪ್ರಕಾಶಕರಿಂದ ತರಿಸ್ಕೊಳ್ಳಿ, ಆಗದೋರು ಲೈಬ್ರರಿಗೆ ಬನ್ನಿ." ಕೆಲವರು ನಕ್ಕು ಸುಮ್ಮನಾದರು. ಬಹಳ ಮಂದಿ ಪುಸ್ತಕ ತರಿಸಿಕೊಂಡರು.

ಬರೆದವರಿಗೂ ಅಕ್ಕ ಫೋನ್ ಮಾಡಿ ಕ್ಷಮೆ ಕೇಳಿದಳು. ಮಾವ ಪ್ಯಾಂಟಿಗಾಗಿ ಕಾಯುತ್ತಿರುವುದನ್ನೂ ಹೇಳಿದಳು. ಆಮೇಲೆ ಆ ಹೆಂಗಸು ಕೇಳಿದರು: "ಕುರ್ಚಿ ಮೇಲೆ ಕೂತಾಗ ನಿಮ್ಮ ಮಾವನ ಸೊಂಟದ ಅಳತೆ ಎಷ್ಟು? ಪುಸ್ತಕ ಯಾವಾಗ ಬರುತ್ತೋ ಗೊತ್ತಿಲ್ಲ. ಮೊದಲ ಪ್ಯಾಂಟು ಅವರಿಗೇ ಹೊಲಿದು ನೋಡೋಣ."

ಓದುವವರೇ, ಕೇಳುವವರೇ, ನಿಮ್ಮ ಫೋನಿನಲ್ಲೂ ಯಾರೋ ಕಳಿಸಿದ ಪುಸ್ತಕ, ಹಾಡು ಇರಬಹುದು. ಇನ್ನೊಬ್ಬರಿಗೆ ದಾಟಿಸುವ ಮುಂಚೆ ಬರೆದವರ, ಹಾಡಿದವರ ಒಪ್ಪಿಗೆ ಇದೆಯೇ ನೋಡಿ. ಕೊಂಡು ಓದಿ, ಲೈಬ್ರರಿಯಿಂದ ತನ್ನಿ, ಹಾಡನ್ನು ಹಾಡಿದವರೇ ಹಾಕಿದ ಕಡೆ ಕೇಳಿ. ನೀವು ಕಾಯುತ್ತಿರುವ ಎರಡನೇ ಭಾಗ ಯಾರದೋ ಮೇಜಿನ ಮೇಲೆ ಅರ್ಧಕ್ಕೆ ನಿಂತಿರಬಹುದು.