ತೊಟ್ಟಿಯ ಮುಚ್ಚಳ

ಅಕ್ಕನಿಗೆ ಎಪ್ಪತ್ತೊಂದು, ನನಗೆ ಅರವತ್ತೇಳು. ಇಬ್ಬರೂ ಒಂದೇ ಮನೆಯಲ್ಲಿದ್ದೇವೆ. ಪಾತ್ರೆ, ಡಬ್ಬಿ, ಬಕೆಟ್ಟು, ಅಕ್ಕ ಯಾವುದನ್ನೂ ತೆರೆದಿಡುವವಳಲ್ಲ. ಮುಚ್ಚಿದ್ದನ್ನೇ ಮತ್ತೆ ಒತ್ತಿ ನೋಡುತ್ತಾಳೆ. ಈಚೆಗೆ ಊಟದ ನಡುವೆಯೂ ಎದ್ದು ಹೋಗತೊಡಗಿದಳು. ಅದಕ್ಕೇ ಚರ್ಚಿನ ಹಿಂದಿನ ಕೋಣೆಗೆ, ನರ್ಸಮ್ಮನ ಹತ್ತಿರ ಕರೆದುಕೊಂಡು ಹೋದೆ. ಆಕೆ ನರ್ಸ್ ಕೆಲಸ ಬಿಟ್ಟ ಮೇಲೆ ನೊಂದವರ ಮಾತು ಕೇಳುತ್ತಾಳೆ.

ಆಕೆಯ ಪದ್ಧತಿ ಹೀಗೆ: ಪ್ರಾರ್ಥನೆಯಾದ ಮೇಲೆ ನೊಂದವರು ತಮ್ಮ ಕಥೆ ತಾವೇ ಹೇಳಬೇಕು. ಮನೆಯವರೊಬ್ಬರು ಕೈ ಹಿಡಿದು ಸುಮ್ಮನೆ ಕೂರಬೇಕು. ಕಡೆಗೆ ಆ ಮನೆಯವರನ್ನು ಒಂದೇ ಮಾತು ಕೇಳುತ್ತಾಳೆ: "ಇದರಲ್ಲಿ ಏನಾದ್ರೂ ಬಿಟ್ಟುಹೋಗಿದೆಯಾ?"

ಇದು ನನಗೆ ಗೊತ್ತಾದದ್ದು ಕುರ್ಚಿಯಲ್ಲಿ ಕೂತ ಮೇಲೆ. ಏಳೋಣವೆಂದರೆ ಅಕ್ಕ ಕೈ ಹಿಡಿದಾಗಿತ್ತು.

"ಇವಳ ಕೈ ನೋಡಿ, ಮಂಜುಗಡ್ಡೆ," ಅಂದಳು ಅಕ್ಕ. "ಕಾಯಿಲೆ ನನಗಾ, ಇವಳಿಗಾ?"

ನರ್ಸಮ್ಮ ನಕ್ಕಳು.

ಅಕ್ಕ ಹೇಳಿದಳು. ನಮ್ಮ ತಮ್ಮನಿಗೆ ಆಗ ಎರಡು ವರ್ಷ. ಅಂಗಳದಲ್ಲಿ ನೆಲಮಟ್ಟದ ನೀರಿನ ತೊಟ್ಟಿ. ನೀರು ಮೊಗೆದು ಮುಚ್ಚಳ ಹಾಕುವುದು ಅಕ್ಕನ ಪಾಲಿನ ಕೆಲಸ. ಆ ಮಧ್ಯಾಹ್ನ ಮುಚ್ಚಳ ತೆರೆದಿತ್ತು, ಮಗು ನೀರಿನಲ್ಲಿತ್ತು. "ಕೊಂದೆಯಲ್ಲೇ" ಅಂದಳು ಅಮ್ಮ. ಸಾಯುವವರೆಗೂ ಅಕ್ಕ ಕೊಟ್ಟ ಒಂದು ಲೋಟ ನೀರು ಮುಟ್ಟಲಿಲ್ಲ.

"ಮುಚ್ಚಿದ ಹಾಗೆ ನೆನಪು. ತಗಡಿನ ಶಬ್ದ ಕೂಡ ಕಿವೀಲಿದೆ. ಆದ್ರೆ ಅಮ್ಮ ಸುಳ್ಳು ಹೇಳ್ತಾಳಾ? ನನ್ನ ತಲೆಯೇ ಸರಿಯಿಲ್ಲ ಅಂದ್ಕೊಂಡೆ. ಇಂಥವಳಿಗೆ ಮಕ್ಕಳು ಬೇರೆ ಕೇಡು ಅಂತ ಮದುವೆನೂ ಬೇಡ ಅಂದೆ. ದೇವರು ಕ್ಷಮಿಸಿರಬಹುದು. ನನ್ನ ಕೈಯನ್ನ ನಾನೇ ನಂಬಲ್ಲ."

ಅವಳು ಮುಚ್ಚಿದ್ದಳು. ಗೊಂಬೆಯ ಬಟ್ಟೆ ತೊಳೆಯಲೆಂದು ತೆರೆದವಳು ನಾನು, ಏಳು ವರ್ಷದವಳು. ಹೆದರಿ ಬಾಯಿ ಬಿಡಲಿಲ್ಲ. ವರ್ಷ ಕಳೆದಷ್ಟೂ ಮಾತು ಭಾರವಾಯಿತು. ಪ್ರತಿ ಭಾನುವಾರ ಅವಳ ಪಕ್ಕದಲ್ಲೇ ಮೊಣಕಾಲೂರಿ ದೇವರಿಗೆ ಹೇಳಿದೆ, ಅವಳಿಗೆ ಹೇಳಲಿಲ್ಲ. ಹೇಳಿದರೆ ಈ ಕೈ ಬಿಡುತ್ತಾಳೆ. ನನಗಿರುವುದು ಇದೊಂದೇ ಕೈ.

"ಇದರಲ್ಲಿ ಏನಾದ್ರೂ ಬಿಟ್ಟುಹೋಗಿದೆಯಾ?" ನರ್ಸಮ್ಮ ನನ್ನ ಕಡೆ ತಿರುಗಿದಳು.

ಇಲ್ಲ ಅನ್ನುವುದು ನಾಲಿಗೆ ತುದಿಯಲ್ಲಿತ್ತು. ಅಕ್ಕ ತಲೆ ತಗ್ಗಿಸಿ, ಇನ್ನೊಂದು ತಪ್ಪು ಹೊರಗೆ ಬರುತ್ತದೇನೋ ಎಂಬಂತೆ ಕಾಯುತ್ತಿದ್ದಳು.

"ಅಕ್ಕ ಮುಚ್ಚಿದ್ಲು," ಅಂದೆ. "ಆಮೇಲೆ ನಾನು ತೆಗೆದೆ."

ಅಕ್ಕ ಕೈ ಬಿಟ್ಟಳು. ತನ್ನೆರಡು ಕೈಗಳನ್ನೂ ಮಡಿಲಲ್ಲಿಟ್ಟು, ಯಾರದೋ ಕೈ ಎಂಬಂತೆ ನೋಡಿದಳು.

"ಹಾಗಾದ್ರೆ ನಾನು ಮುಚ್ಚಿದ್ದೆ," ಅಂದಳು, ನರ್ಸಮ್ಮನಿಗೆ.

"ಹೂಂ. ಮುಚ್ಚಿದ್ರಿ."

"ಮೊದಲಿಂದ ಮತ್ತೆ ಹೇಳ್ತೀನಿ." ನನ್ನ ಕಡೆ ತಿರುಗಲಿಲ್ಲ. "ಅವಳು ಹೊರಗೆ ಕೂರಲಿ."

ಹೊರಗಿನ ಬೆಂಚಿನ ಮೇಲೆ ಕೂತೆ. ಬಾಗಿಲ ಆಚೆ ಅಕ್ಕನ ದನಿ ನಿಲ್ಲದೆ ಬರುತ್ತಿತ್ತು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಹೊರಗೆ ಬಂದಾಗ ಮನೆಗೆ ಬಾ ಅನ್ನುತ್ತಾಳೋ, ಇಲ್ಲವೋ. ಎದ್ದು ಹೋಗಲಿಲ್ಲ.